ಸಿಸ್ಟರ್ ಬಿಡದೆ ಬರೆಸಿದ ಒಂಬತ್ತನೆಯ ಪ್ಯಾರಾ

ಔರಾದ, ಭಾಲ್ಕಿಯ ಸರಕಾರಿ ದವಾಖಾನೆಗಳಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ನರ್ಸ್ ಆಗಿದ್ದವರು ಅವರು. ನಿವೃತ್ತಿಯಾದ ಮೇಲೂ ಎಲ್ಲರೂ ಸಿಸ್ಟರ್ ಎಂದೇ ಕರೆಯುತ್ತಿದ್ದರು. ಅವರ ನಿಜವಾದ ಹೆಸರು ನನಗೆ ಗೊತ್ತಾದದ್ದು ವಕಾಲತ್ತಿನ ಕಾಗದದ ಮೇಲೆ ಬರೆಯಬೇಕಾಗಿ ಬಂದಾಗ. ಆಮೇಲೆ ಒಮ್ಮೆಯೂ ಆ ಹೆಸರಿನಿಂದ ಕರೆಯಲಿಲ್ಲ, ಈಗ ಬರೆಯಲೂ ಮನಸ್ಸಿಲ್ಲ. ಹೋದ ತಿಂಗಳು ಅವರನ್ನು ಮಣ್ಣು ಮಾಡಿ ಬಂದೆವು.

ನಾನು ಬೀದರಿನಲ್ಲಿ ವಕೀಲಿಕೆ ಶುರು ಮಾಡಿ ಎರಡನೆಯ ವರ್ಷ ನಡೆಯುತ್ತಿತ್ತು. ಸಂತಪುರದ ನಮ್ಮ ಮನೆತನದಲ್ಲಿ ಕರಿ ಕೋಟು ಹಾಕಿದ ಮೊದಲ ಹೆಣ್ಣು ನಾನೇ ಎಂದು ಅಪ್ಪ ಬುದ್ಧವಿಹಾರಕ್ಕೆ ಬಂದವರಿಗೆಲ್ಲ ಹೇಳುತ್ತಿದ್ದರು. ಕಕ್ಷಿದಾರರು ಮಾತ್ರ ನನ್ನ ಮುಖ ನೋಡಿ, "ದೊಡ್ಡ ವಕೀಲರು ಇಲ್ಲೇನ್ರಿ?" ಎಂದು ಕೇಳಿ ವಾಪಸು ಹೋಗುತ್ತಿದ್ದರು. ಸಿಸ್ಟರ್ ಹಾಗೆ ಕೇಳಲಿಲ್ಲ. ಬಂದವರೇ ಬಟ್ಟೆಯ ಚೀಲದಿಂದ ಕೆಲವು ವಸ್ತು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಡಾಕ್ಟರ ಚೀಟಿ, ಎರಡು ಮಾತ್ರೆಯ ಪಟ್ಟಿ, ಔಷಧ ಅಂಗಡಿಯ ಎರಡು ಕಾಗದದ ಲಕೋಟೆ.

"ಓದ್ರಿ," ಎಂದರು. "ಮನಸಿನಾಗ ಅಲ್ಲ. ಜೋರಾಗಿ ಓದ್ರಿ."

ಓದಿದೆ. ಚೀಟಿಯಲ್ಲಿ ಕೀಲುಬೇನೆಯ ಮಾತ್ರೆ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ, ರವಿವಾರ. ಅದರ ಜೊತೆಯ ವಿಟಮಿನ್, ಫೋಲಿಕ್ ಆಸಿಡ್, ಉಳಿದ ಆರು ದಿನ ಎಂದು ಇಂಗ್ಲಿಷಿನಲ್ಲಿ ಗೀಚಿತ್ತು. ಎರಡೂ ಹಳದಿ ಬಣ್ಣದ ಸಣ್ಣ ಮಾತ್ರೆ. ಅಂಗಡಿಯ ಲಕೋಟೆಯ ಮೇಲೆ ದಪ್ಪ ಕನ್ನಡ ಅಕ್ಷರಗಳಿದ್ದವು. ಮೆಥೊಟ್ರೆಕ್ಸೇಟ್ ಇದ್ದ ಲಕೋಟೆಯ ಮೇಲೆ "ದಿನಾ ಒಂದು, ಊಟ ಆದ ಮೇಲೆ". ಫೋಲಿಕ್ ಆಸಿಡ್ ಇದ್ದದ್ದರ ಮೇಲೆ "ರವಿವಾರ ಒಂದು".

"ಅದಲು ಬದಲು ಆಗ್ಯದಲ್ರಿ," ಎಂದೆ.

"ಹೂಂ. ಹನ್ನೆರಡು ದಿನ ನನ್ನ ತಂಗಿಗೆ ಕೊಟ್ಟೀನಿ. ಈ ಕೈಲೇ."

ಅಕ್ಕ ತಂಗಿ ಇಬ್ಬರೂ ಮದುವೆಯಾಗದೆ ಉಳಿದವರು. ತಂಗಿ ಔರಾದಿನ ಸಾಲೆಯೊಂದರಲ್ಲಿ ಮಾಸ್ತರಿಣಿಯಾಗಿದ್ದವರು, ಚರ್ಚಿನಲ್ಲಿ ಹಾಡುವವರ ಮುಂದಾಳು. ಕೈಬೆರಳಿನ ಕೀಲುಗಳು ಬಾತು, ಹಾರ್ಮೋನಿಯಂ ನುಡಿಸಲು ಆಗದಾದಾಗ ಬೀದರಿನ ಡಾಕ್ಟರ ಹತ್ತಿರ ಹೋಗಿದ್ದರು. ಮಾತ್ರೆ ತಂದದ್ದು ಔರಾದಿನಲ್ಲಿ, ಇಪ್ಪತ್ತು ವರ್ಷದಿಂದ ಹೋಗುತ್ತಿದ್ದ ಅಂಗಡಿಯಿಂದ. ಆರನೆಯ ದಿನಕ್ಕೆ ಬಾಯಿ ಉರಿ, ಒಂಬತ್ತಕ್ಕೆ ಗಂಟಲು ತುಂಬ ಹುಣ್ಣು, ಹನ್ನೆರಡಕ್ಕೆ ಜ್ವರ. ಬೀದರಿಗೆ ತರುವ ಹೊತ್ತಿಗೆ ರಕ್ತದ ಕಣಗಳು ಕೆಳಗೆ ಬಿದ್ದುಹೋಗಿದ್ದವು. ವಾರ್ಡಿನ ಡಾಕ್ಟರು ಪಟ್ಟಿ ನೋಡಿ, "ಇದನ್ನ ದಿನಾ ಯಾರು ಕೊಟ್ಟರು?" ಎಂದು ಕೇಳಿದರಂತೆ. ಸಿಸ್ಟರ್, "ನಾನೇ" ಎಂದರಂತೆ. ಎಂಟು ದಿನ ಹಾಸಿಗೆಯ ಬದಿಗೆ ನಿಂತರು. ಒಂಬತ್ತನೆಯ ದಿನ ನಿಲ್ಲುವ ಕಾರಣ ಉಳಿಯಲಿಲ್ಲ.

ಇದನ್ನು ಹೇಳುವಾಗ ಅವರು ನನ್ನ ಮಣಿಕಟ್ಟು ಹಿಡಿದಿದ್ದರು. ಯಾರ ಜೊತೆ ಮಾತಿಗೆ ಕುಳಿತರೂ ಅವರ ಕೈ ತಾನಾಗಿ ಎದುರಿನವರ ನಾಡಿಗೆ ಹೋಗುತ್ತಿತ್ತು. ಕೈಗಡಿಯಾರದ ಮುಖವನ್ನು ಮಣಿಕಟ್ಟಿನ ಒಳಬದಿಗೆ ಕಟ್ಟಿಕೊಳ್ಳುತ್ತಿದ್ದರು, ಎಣಿಸಲು ಅನುಕೂಲವಾಗುವಂತೆ. "ನಿಮ್ದು ಭಾಳ ಜೋರ ನಡೀತದ ವಕೀಲಬಾಯಿ, ನೀರ ಕುಡೀರಿ," ಎಂದರು. ಅಳುತ್ತಿದ್ದದ್ದು ಅವರು, ನೀರು ಕುಡಿದದ್ದು ನಾನು.

ಇಂಥ ತಪ್ಪಿಗೆ ಕಾನೂನಿನಲ್ಲಿ ಏನೇನು ದಾರಿ ಇದೆ ಎಂದು ಆ ದಿನ ಅವರಿಗೆ ಬಿಡಿಸಿ ಹೇಳಿದೆ. ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು, ಎರಡು ವರ್ಷದೊಳಗೆ. ಔಷಧ ಕೊಳ್ಳುವವನೂ ಗ್ರಾಹಕ, ಅವನು ಸತ್ತರೆ ವಾರಸುದಾರರು ಆ ಜಾಗದಲ್ಲಿ ನಿಲ್ಲಬಹುದು. ಅಂಗಡಿಯ ಪರವಾನಗಿಯ ಮೇಲೆ ಔಷಧ ನಿಯಂತ್ರಣ ಇಲಾಖೆಗೆ ಬರೆಯಬಹುದು. ಅಂಗಡಿಯ ಗೋಡೆಗೆ ಯಾರ ಪ್ರಮಾಣಪತ್ರ ತೂಗುಹಾಕಿದ್ದಾರೋ ಆ ಫಾರ್ಮಸಿಸ್ಟನ ಮೇಲೆ ಅವರ ಪರಿಷತ್ತಿಗೆ ಅರ್ಜಿ ಹಾಕಬಹುದು. ನಿರ್ಲಕ್ಷ್ಯದಿಂದ ಸಾವು ಎಂದು ಪೊಲೀಸರ ಹತ್ತಿರ ಹೋಗಬಹುದು. ಪುಸ್ತಕದಲ್ಲಿ ಓದಿದ್ದನ್ನು ಮೊದಲ ಸಲ ಒಬ್ಬ ಮನುಷ್ಯರಿಗೆ ಹೇಳುತ್ತಿದ್ದೆ, ನನ್ನ ಧ್ವನಿಯಲ್ಲಿ ಸ್ವಲ್ಪ ಹುರುಪು ಇತ್ತು. ಅದು ನನಗೇ ಕೇಳಿಸಿ ನಾಚಿಕೆಯಾಯಿತು.

ಅವರು ಎಲ್ಲ ಕೇಳಿ, "ಇದರಾಗ ಯಾವುದು ಮಾಡಿದ್ರ ಆ ಅಂಗಡ್ಯಾಗ ಇನ್ನೊಬ್ಬರಿಗೆ ಹಿಂಗ ಆಗೂದಿಲ್ಲರಿ?" ಎಂದರು.

"ಎಲ್ಲಾ ಮಾಡಬೇಕಾಗ್ತದ್ರಿ," ಎಂದೆ.

ಎಲ್ಲವನ್ನೂ ಶುರು ಮಾಡಿದರು. ಔರಾದಿನ ಮನೆ ಬಿಟ್ಟು ಬೀದರಿನ ನೌಬಾದದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದರು. ಕೋರ್ಟಿಗೆ ಹತ್ತಿರ ಎಂದು ನಮಗೆಲ್ಲ ಹೇಳಿದರೂ, ಔರಾದಿನಲ್ಲಿ ಆ ಅಂಗಡಿಯ ಮುಂದೆಯೇ ಚರ್ಚಿಗೆ ಹೋಗಬೇಕಿತ್ತು. ಠಾಣೆಗೆ ನಾನೂ ಜೊತೆಗೆ ಹೋದೆ. ಅಲ್ಲಿನ ಅಧಿಕಾರಿ ಒರಟನಲ್ಲ. ಕುರ್ಚಿ ಕೊಟ್ಟು ಮಾತಾಡಿದ. "ಶವಪರೀಕ್ಷೆ ಆಗಿಲ್ಲಲ್ರಿ ಸಿಸ್ಟರ್. ಮಣ್ಣ ಮಾಡೀರಿ. ತಹಶೀಲ್ದಾರರ ಹುಕುಂ ತಗೊಂಡು ತೆಗಸಬೇಕಾಗ್ತದ. ತಯಾರ ಇದ್ದೀರೇನು?"

ಒಂದು ವಾರ ಯೋಚಿಸುತ್ತೇನೆ ಎಂದು ಬಂದರು. ಆ ವಾರ ದಿನಾ ಸಂಜೆ ಫೋನ್ ಮಾಡಿ ನನ್ನನ್ನು ಒಂದೊಂದು ಪ್ರಶ್ನೆ ಕೇಳಿದರು. ಪೆಟ್ಟಿಗೆ ತೆಗೆಯುವಾಗ ಯಾರು ಇರುತ್ತಾರೆ? ಹೆಣ್ಣು ಡಾಕ್ಟರು ಬರುತ್ತಾರಾ? ಮತ್ತೆ ಪ್ರಾರ್ಥನೆ ಮಾಡಿಸಿ ಇಡಲು ಬಿಡುತ್ತಾರಾ? ಏಳನೆಯ ದಿನ ಪ್ರಶ್ನೆ ಇರಲಿಲ್ಲ. "ಆಕಿಗೆ ನಾವು ಮುಟ್ಟಿದ್ದು ಸಾಕ್ರಿ," ಎಂದರು. ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಹಾಕುವ ದಾರಿಯೂ ಇದೆ ಎಂದು ಹೇಳಲು ನಾನು ಬಾಯಿ ತೆರೆದೆ. ಅವರು ಫೋನ್ ಇಟ್ಟಿದ್ದರು.

ಗೋಡೆಯ ಮೇಲಿನ ಪ್ರಮಾಣಪತ್ರದವನು ಭಾಲ್ಕಿಯಲ್ಲಿದ್ದಾನೆ ಎಂದು ಗೊತ್ತಾದಾಗ ಇಬ್ಬರೂ ಬಸ್ಸು ಹತ್ತಿದೆವು. ಬಸ್‌ನಿಲ್ದಾಣದಿಂದ ಮನೆಯವರೆಗೆ ದಾರಿಯಲ್ಲಿ ನಾಲ್ಕು ಜನ ಸಿಸ್ಟರ ಕಾಲಿಗೆ ಬಿದ್ದರು. ಒಬ್ಬಾಕೆ ಮಗಳನ್ನು ಮುಂದೆ ನಿಲ್ಲಿಸಿ, "ಇಕಿ ಉಲ್ಟಾ ಬಂದಿದ್ದಳಲ್ರಿ ಸಿಸ್ಟರ್, ನೀವು ಹೊಳ್ಳಿಸಿ ತಗದ್ರಿ, ಈಗ ಡಿಗ್ರಿ ಮುಗಸ್ಯಾಳ," ಎಂದಳು. ಸಿಸ್ಟರ್ ಆ ಹುಡುಗಿಯ ತಲೆ ಮುಟ್ಟಲು ಕೈ ಎತ್ತಿ, ಮುಟ್ಟದೆ ಇಳಿಸಿದರು.

ಫಾರ್ಮಸಿಸ್ಟ್ ನಲವತ್ತರ ಹತ್ತಿರದವನು, ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದ. ಔರಾದಿನ ಅಂಗಡಿಗೆ ಪ್ರಮಾಣಪತ್ರ ಕೊಟ್ಟು ವರ್ಷಗಳಾಗಿದ್ದವು, ಅಲ್ಲಿ ಹೋಗಿ ಒಂದು ದಿನವೂ ನಿಂತಿರಲಿಲ್ಲ. ನಾವು ಯಾರೆಂದು ತಿಳಿಯುತ್ತಲೇ, "ನಾ ಏನೂ ಕೊಟ್ಟಿಲ್ಲರಿ, ನನಗ ಏನೂ ಮಾಲೂಮ ಇಲ್ಲ," ಎಂದು ಎದ್ದುನಿಂತ.

ಸಿಸ್ಟರ್ ಚೀಟಿಯನ್ನೂ ಲಕೋಟೆಗಳನ್ನೂ ಅವನ ಮುಂದೆ ಇಟ್ಟರು. "ಒಂದ ಸಲ ನೋಡ್ರಿ ಸಾಕು."

ಅವನು ನಿಂತಲ್ಲಿಂದಲೇ ಬಗ್ಗಿ ನೋಡಿದ. "ಇದು ವಾರಕ್ಕ ಒಮ್ಮೆ ಅಲ್ರಿ? ದಿನಾ ಅಂತ ಯಾಕ..." ಎಂದವನು ಅಲ್ಲಿಗೇ ನಿಂತುಬಿಟ್ಟ. ಅವನಿಗೆ ಗೊತ್ತಾಗಲು ಒಂದು ಉಸಿರಿನಷ್ಟು ಹೊತ್ತೂ ಬೇಕಾಗಲಿಲ್ಲ.

ಒಳಗಿನಿಂದ ಅವನ ಹೆಂಡತಿ ಚಹಾ ತಂದಿಟ್ಟು ಹೋದಳು. ಅವನು ಕುಳಿತ. ನೌಕರಿ ಹೋಗುತ್ತದೆ ಎಂದ, ಎಲ್ಲರೂ ಹೀಗೇ ಪ್ರಮಾಣಪತ್ರ ಕೊಡುತ್ತಾರೆ ಎಂದ, ಆಮೇಲೆ ಮುಖ ಮುಚ್ಚಿಕೊಂಡ. ಸಿಸ್ಟರ್ ಚಹಾ ಪೂರ್ತಿ ಕುಡಿದು ಎದ್ದರು.

"ನಿಮ್ಮ ಮ್ಯಾಲ ಸಿಟ್ಟಿಲ್ಲರಿ ನನಗ. ಅರ್ಜಿ ಮಾತ್ರ ಕಳಸ್ತೇನಿ."

ಕಳಿಸಿದರು. ಅವನ ಮೇಲೆ ವಿಚಾರಣೆ ಶುರುವಾಯಿತು. ಔಷಧ ನಿಯಂತ್ರಣದವರು ಅಂಗಡಿ ತಪಾಸಣೆ ಮಾಡಿ, ಪರವಾನಗಿಯನ್ನು ಕೆಲವು ದಿನ ಅಮಾನತಿನಲ್ಲಿಟ್ಟರು. ಆ ದಿನಗಳಲ್ಲಿ ಮಾಲೀಕ ಬಾಗಿಲಿಗೆ ಹೊಸ ಬಣ್ಣ ಹೊಡೆಸಿಕೊಂಡ. ಔರಾದಿನವರು ಯಾರೋ ಇದನ್ನು ಫೋಟೋ ತೆಗೆದು ಸಿಸ್ಟರಿಗೆ ಕಳಿಸಿದ್ದರು. "ಚಲೋ ಹಸರ ಬಣ್ಣ ಅದ," ಎಂದು ನನಗೆ ತೋರಿಸಿದರು. ಕಹಿಯಿಂದ ಹೇಳಿದರೋ ನಿಜವಾಗಿ ಹೇಳಿದರೋ ನನಗೆ ತಿಳಿಯಲಿಲ್ಲ.

ಗ್ರಾಹಕರ ಆಯೋಗದ ದೂರಿಗೆ ಸಿಸ್ಟರ ಅಫಿಡವಿಟ್ ಸಿದ್ಧ ಮಾಡುವಾಗ ನಮ್ಮಿಬ್ಬರ ಜಗಳ ಆಯಿತು. ಎಂಟು ಪ್ಯಾರಾ ಬರೆದು ಓದಿ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿ, "ನಂದು ಬರಲಿಲ್ಲಲ್ಲ," ಎಂದರು.

"ನಿಮ್ದು ಯಾವದ್ರಿ?"

"ಬರಕೋರಿ. ಆರನೇ ದಿನ ತಂಗಿ, ಅಕ್ಕಾ ಖಾರ ತಿಂದ್ರ ಬಾಯಿ ಉರೀತದ ಅಂದಳು. ನನಗ ಶಕ್ ಬಂತು. ಚೀಟಿ ತಗದ ನೋಡಬೇಕು ಅನಸ್ತು. ನನಗ ಒಂದ ಕಣ್ಣಿನ ಆಪರೇಶನ್ ಆಗಿತ್ತು, ಇನ್ನೊಂದು ಕಣ್ಣು ಕಾಣತಿದ್ದಿಲ್ಲ. ಬಾಜೂ ಮನಿಯವರ ಕಡಿಂದ ಓದಸ್ಬೇಕು ಅಂದೆ. ಅವತ್ತ ಚರ್ಚಿನಾಗ ಹೆಣ್ಣಮಕ್ಕಳ ಸಭಾ ಇತ್ತು. ಹೋದೆ. ಬಂದ ಮ್ಯಾಲ ಮರತೆ. ಮತ್ತ ಆರು ದಿನ ಕೊಟ್ಟೆ."

ನಾನು ಪೆನ್ನು ಕೆಳಗಿಟ್ಟೆ. "ಸಿಸ್ಟರ್, ಇದು ಬ್ಯಾಡ್ರಿ. ಯಾರೂ ಕೇಳಿಲ್ಲ. ಇದನ್ನ ಬರದ್ರ ಅವರ ವಕೀಲರು ಇದೊಂದ ಹಿಡಕೊಂಡು ನಿಂದರ್ತಾರ."

"ನಿಂದರ್ಲಿ. ಇದು ಬಿಟ್ಟರ ನನ್ನ ತಂಗಿ ಹ್ಯಾಂಗ ಸತ್ತಳು ಅನ್ನೂದು ಅರ್ಧ ಆಗ್ತದ."

"ಅಂಗಡಿಯವ ಸುಳ್ಳ ಹೇಳ್ಯಾನ್ರಿ! ನಮ್ಮಲ್ಲಿ ತಗೊಂಡೇ ಇಲ್ಲ, ರಸೀದಿ ತೋರಸ್ರಿ ಅಂತ ಜವಾಬು ಕೊಟ್ಟಾನ ನೋಟಿಸಿಗೆ. ನೀವು ಯಾಕ ನಿಮ್ಮ ಕೊರಳ ನೀವೇ..."

"ಆತ ಸುಳ್ಳ ಹೇಳ್ಯಾನಂತ ನಾನೂ ಸುಳ್ಳ ಹೇಳ್ಲೇನು?" ಎಂದರು. ಆ ಹೊತ್ತು ಅವರ ಕೈ ನನ್ನ ನಾಡಿಯ ಮೇಲಿರಲಿಲ್ಲ. ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಕುಳಿತಿದ್ದರು. ಒಂಬತ್ತನೆಯ ಪ್ಯಾರಾ ಬರೆದೆ. ಸಿಟ್ಟಿನಲ್ಲಿ ಬರೆದೆ. ಅವರು ಹೇಳಿದ್ದರಲ್ಲಿ ಕಣ್ಣಿನ ಆಪರೇಶನ್ನಿನ ಮಾತನ್ನು ಸ್ವಲ್ಪ ಉದ್ದ ಮಾಡಿದ್ದೆ. ಓದಿಸಿ ಕೇಳಿ, ಆ ಉದ್ದವನ್ನು ತೆಗೆಸಿಹಾಕಿದರು.

ರಸೀದಿ ಇರಲಿಲ್ಲ ಎಂಬುದು ನಿಜ. ನಮ್ಮ ಕಡೆ ಎಷ್ಟು ಜನ ಔಷಧಕ್ಕೆ ರಸೀದಿ ಕೇಳುತ್ತಾರೆ? ಲಕೋಟೆಯ ಮೇಲಿನ ಅಕ್ಷರ ತನ್ನದಲ್ಲ ಎಂದು ಮಾಲೀಕ ಬರೆದುಕೊಟ್ಟ. ಮುಂದಿನ ತಾರೀಖಿಗೆ ಸಿಸ್ಟರ್ ಒಂದು ಬಿಸ್ಕೀಟಿನ ಡಬ್ಬಿ ತಂದರು. ಅದರ ತುಂಬ ಅದೇ ಅಂಗಡಿಯ ಹಳೆಯ ಲಕೋಟೆಗಳು. ಯಾವುದರಲ್ಲೂ ಮಾತ್ರೆ ಇಲ್ಲ. ಗುಂಡಿ, ಸೂಜಿ, ಕೊತ್ತಂಬರಿ ಬೀಜ, ತಂಗಿಯ ಹಾಡಿನ ಚೀಟಿಗಳು. ಕಾಗದ ಎಸೆಯುವ ಅಭ್ಯಾಸ ಆ ಮನೆಯಲ್ಲಿ ಇರಲಿಲ್ಲ. ಇಪ್ಪತ್ತು ವರ್ಷದ "ದಿನಾ ಒಂದು, ಊಟ ಆದ ಮೇಲೆ" ಮೇಜಿನ ಮೇಲೆ ಹರಡಿತು. ಆಯೋಗದ ಸದಸ್ಯೆಯೊಬ್ಬರು ಕನ್ನಡಕ ಏರಿಸಿ ಒಂದರ ಪಕ್ಕ ಒಂದು ಇಟ್ಟು ನೋಡಿದರು. "ಊಟ"ದ ಊಕಾರ ಎಲ್ಲದರಲ್ಲೂ ಒಂದೇ ಥರ ಬಾಲ ಎಳೆದಿತ್ತು. ಮಾಲೀಕ ಬಾಗಿಲ ಹತ್ತಿರ ನಿಂತಿದ್ದವನು ಹೊರಗೆ ಹೋದ.

ನಾನು ಹೆದರಿದ್ದೂ ಆಯಿತು. ಎದುರು ಕಡೆಯ ವಕೀಲರು ವಯಸ್ಸಾದವರು, ಮೆತ್ತಗೆ ಮಾತಾಡುವವರು. ಒಂಬತ್ತನೆಯ ಪ್ಯಾರಾವನ್ನು ನಿಧಾನವಾಗಿ ಓದಿದರು. ಮನೆಯಲ್ಲಿ ತರಬೇತಾದ ನರ್ಸ್ ಇದ್ದಾರೆ, ಅನುಮಾನವೂ ಬಂದಿದೆ, ಆದರೂ ಸಭೆಗೆ ಹೋಗಿದ್ದಾರೆ. ಸಾವಿಗೆ ಯಾರು ಕಾರಣ ಎಂದು ಕೇಳಿದರು. ಸಿಸ್ಟರ್ ಎದ್ದು ನಿಂತರು. ಅವರನ್ನು ಯಾರೂ ಎಬ್ಬಿಸಿರಲಿಲ್ಲ.

"ಹೌದ್ರಿ ಸಾಹೇಬ್ರ. ನನ್ನ ಗಲತಿ ನಾ ಬರದೀನಿ. ಅವರ ಗಲತಿ ಅವರು ಬರೀಲಿ ಅಂತ ಬಂದೀನಿ."

ಆ ದಿನ ಮೆಟ್ಟಿಲು ಇಳಿಯುವಾಗ ಅದೇ ವಕೀಲರು ಏದುಸಿರು ಬಂದು ಗೋಡೆಗೆ ಒರಗಿದರು. ನಾನು ನೋಡುವಷ್ಟರಲ್ಲಿ ಸಿಸ್ಟರ್ ಅವರ ಮಣಿಕಟ್ಟು ಹಿಡಿದು, ಒಳಬದಿಯ ಗಡಿಯಾರ ನೋಡುತ್ತಿದ್ದರು. "ಕೂಡ್ರಿ. ಗುಂಡಿ ಬಿಚ್ಚರಿ. ಲಂಬಾ ಉಸರ ತಗೋರಿ." ವಕೀಲರು ಸುಧಾರಿಸಿಕೊಂಡು, ಕಿಸೆಯಿಂದ ಒಂದು ಪಟ್ಟಿ ತೆಗೆದು, "ಇದು ನಾಲಿಗಿ ಕೆಳಗ ಇಡೂದೇನ್ರಿ ಸಿಸ್ಟರ್?" ಎಂದು ಕೇಳಿದರು. ಸಿಸ್ಟರ್ ಎರಡು ಹೆಜ್ಜೆ ಹಿಂದೆ ಸರಿದರು. "ಗುಳಿಗಿ ನನ್ನ ಕೇಳಬ್ಯಾಡ್ರಿ. ವಕೀಲಬಾಯಿ, ನೀವು ಓದ್ರಿ." ನಾನು ಓದಿದೆ. ನಾಲಿಗೆಯ ಕೆಳಗೇ ಇಡುವ ಮಾತ್ರೆ ಅದು. ಅವರಿಗೆ ಗೊತ್ತಿರದೆ ಇರಲು ಸಾಧ್ಯವೇ ಇಲ್ಲ.

ನೌಬಾದದಲ್ಲೂ ಹಾಗೇ ಆಗಿತ್ತು. ನರ್ಸ್ ಇದ್ದಾರೆ ಎಂದು ಓಣಿಯವರು ಬಿಪಿ, ಸಕ್ಕರೆಯ ಮಾತ್ರೆ ಹಿಡಿದು ಬಂದರೆ ಬಾಗಿಲಲ್ಲೇ ನಿಲ್ಲಿಸಿ, ಡಾಕ್ಟರ ಹತ್ತಿರ ಹೋಗಿ ಎಂದು ಕೈ ಮುಗಿಯುತ್ತಿದ್ದರು. ಸೊಕ್ಕಿನ ಹೆಂಗಸು ಎಂದು ಮಾತಾಯಿತು. ಅದನ್ನು ಅವರೇ ನನಗೆ ಹೇಳಿದರು.

ತಾರೀಖಿನ ಮೇಲೆ ತಾರೀಖು ಹೋಗಿ ಕೊನೆಗೆ ಆದೇಶ ಬಂತು. ಅಂಗಡಿಯ ಸೇವಾ ನ್ಯೂನತೆ ಸಾಬೀತಾಗಿದೆ. ಫಾರ್ಮಸಿಸ್ಟ್ ಇಲ್ಲದೆ ಔಷಧ ಕೊಟ್ಟದ್ದೂ ಸಾಬೀತಾಗಿದೆ. ಆದರೆ ದೂರುದಾರರೇ ಒಪ್ಪಿಕೊಂಡಿರುವ ನಿರ್ಲಕ್ಷ್ಯದ ಕಾರಣ ಪರಿಹಾರದಲ್ಲಿ ಅರ್ಧ ಕಡಿತ. ನನಗೆ ಅಳು ಬಂತು. ಗೆದ್ದ ಮೊದಲ ದೊಡ್ಡ ಕೇಸು ಅದು.

ಸಿಸ್ಟರ್ ಆ ಕಡಿತದ ಭಾಗವನ್ನು ನನ್ನಿಂದ ಎರಡು ಸಲ ಓದಿಸಿದರು. "ಸರಿ ಬರದಾರ," ಎಂದರು. ಆ ಪುಟದ ಝೆರಾಕ್ಸ್ ಬೇಕು, ಅದೊಂದೇ ಪುಟ ಸಾಕು ಎಂದರು. ಮಡಚಿ ಬೈಬಲ್ಲಿನೊಳಗೆ ಇಟ್ಟುಕೊಂಡರು. ಅವರ ಮುಖದಲ್ಲಿ ನನಗೆ ಕಂಡದ್ದು ಸಮಾಧಾನ ಎಂದುಕೊಂಡೆ. ಮನುಷ್ಯರ ಮುಖ ಓದುವುದು ನಮ್ಮ ಕಸುಬಿನ ಅರ್ಧ ಕೆಲಸ ಎಂದು ಹಿರಿಯರು ಹೇಳುತ್ತಾರೆ. ನಾನು ತಪ್ಪು ಓದಿದ್ದೆ. ತನ್ನ ತಪ್ಪನ್ನು ತಾನು ಹೇಳಿಕೊಳ್ಳುವುದು ಒಂದು. ಅದು ಮುದ್ರೆ ಒತ್ತಿ, ಸಹಿ ಬಿದ್ದು, ಆದೇಶವಾಗಿ ಕೈಗೆ ಬರುವುದು ಇನ್ನೊಂದು. ಅದಾದ ಮೇಲೆ ಅವರು ನನ್ನ ಕಚೇರಿಗೆ ಬರುವುದು ಕಡಿಮೆಯಾಯಿತು. ಬಂದರೂ ನಾಡಿ ಹಿಡಿಯುತ್ತಿರಲಿಲ್ಲ. ಅಂಗಡಿಯವನು ರಾಜ್ಯ ಆಯೋಗಕ್ಕೆ ಅಪೀಲು ಹೋದ ಸುದ್ದಿ ಹೇಳಿದಾಗ, "ಹೋಗ್ಲಿ," ಎಂದಷ್ಟೇ ಹೇಳಿದರು.

ಲಕ್ವಾ ಹೊಡೆದದ್ದು ಒಂದು ಬೆಳಿಗ್ಗೆ, ನಲ್ಲಿಯ ಹತ್ತಿರ. ಎರಡು ದಿನ ಇದ್ದರು, ಮಾತು ಬರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಅವರ ಕೋಣೆಯಲ್ಲಿ ಉಳಿದವರು ನಾವಿಬ್ಬರೇ. ನಾನು ಮತ್ತು ಚಿಂತಾಕಿಯಿಂದ ಬಂದಿದ್ದ ಅವರ ತೀರಿಹೋದ ಅಣ್ಣನ ಮಗಳು. ಅಲ್ಲಿ ಸಾಲೆಯ ಮಾಸ್ತರಿಣಿ, ಗಟ್ಟಿ ಹೆಂಗಸು. ಅಪೀಲಿನಲ್ಲಿ ಸಿಸ್ಟರ ಜಾಗದಲ್ಲಿ ವಾರಸುದಾರಳಾಗಿ ಅವಳೇ ನಿಲ್ಲಬೇಕು, ಇಲ್ಲದಿದ್ದರೆ ಅಂಗಡಿಯವನಿಗೆ ಎದುರು ಯಾರೂ ಇಲ್ಲದಂತಾಗುತ್ತದೆ ಎಂದು ವಿವರಿಸಿದೆ. ಅವಳು ತಲೆಯಾಡಿಸುತ್ತ ಅಡುಗೆಯ ಮೂಲೆಯ ಕಟ್ಟೆಯ ಮೇಲಿನ ಸಾಮಾನು ತೆಗೆಯುತ್ತಿದ್ದಳು. ಒಂದು ಹಿತ್ತಾಳೆಯ ಬೋಗುಣಿ ಎತ್ತಿ ನನ್ನ ಮುಂದೆ ತಂದಿಟ್ಟಳು. ಅದರ ತುಂಬ ಸಿಸ್ಟರಿಗೆ ಬರೆದುಕೊಟ್ಟಿದ್ದ ಬಿಪಿ ಮಾತ್ರೆಯ ಪಟ್ಟಿಗಳು. ಒಂದೂ ಒಡೆದಿರಲಿಲ್ಲ.

"ಆರು ತಿಂಗಳದ್ದು ಅದಾವ್ರಿ," ಎಂದಳು. "ತಿಂಗಳಾ ತಿಂಗಳಾ ದವಾಖಾನಿಂದ ತಂದಾಳ, ಇಟ್ಟಾಳ. ನುಂಗಿಲ್ಲ. ನಮ್ಮ ಸೋದರತ್ತಿಗ ಗುಳಿಗಿ ಮುಟ್ಟಲಿಕ್ಕ ಧೈರ್ಯ ಇದ್ದಿಲ್ಲಂತ ಕಾಣ್ತದ. ಇದಕ್ಕ ಯಾವ ಕೋರ್ಟ ಅದರಿ?"

"ಇದಕ್ಕ ಇಲ್ಲರಿ," ಎಂದೆ.

ಅಷ್ಟಕ್ಕೇ ನಿಲ್ಲಿಸಬಹುದಾಗಿತ್ತು. ಅವಳು ಬೇರೇನೂ ಕೇಳಿರಲಿಲ್ಲ. ಆದರೆ ಎರಡು ತಿಂಗಳ ಹಿಂದೆ ಅಪೀಲಿನ ನೋಟಿಸು ಕೊಡಲು ಈ ಕೋಣೆಗೆ ಬಂದಾಗ ನಾನು ನೀರು ಕುಡಿಯಲು ಇದೇ ಕಟ್ಟೆಯ ಹತ್ತಿರ ಹೋಗಿದ್ದೆ. ಈ ಬೋಗುಣಿ ಇಲ್ಲೇ ಇತ್ತು, ಆಗಲೂ ಅರ್ಧ ತುಂಬಿತ್ತು. ಇಷ್ಟು ಯಾಕೆ ಕೂಡಿಟ್ಟಿದ್ದಾರೆ ಎಂದು ಅನಿಸಿತ್ತು. ಇನ್ನೊಂದು ಕೇಸಿಗೆ ಹೊತ್ತಾಗಿತ್ತು, ಮುಂದಿನ ಸಲ ಕೇಳಿದರಾಯಿತು ಎಂದುಕೊಂಡು ಹೊರಟಿದ್ದೆ. ಅದನ್ನು ಅವಳಿಗೆ ಹೇಳಿದೆ. ಒಂದು ಮಾತೂ ಬಿಡದೆ ಹೇಳಿದೆ.

ಅವಳು ಬೋಗುಣಿಯನ್ನು ಕಟ್ಟೆಯ ಮೇಲೆ ವಾಪಸು ಇಟ್ಟಳು. ಕ್ಷಮಿಸಿದಳು ಎಂದು ನನಗೆ ಅನಿಸಲಿಲ್ಲ, ಈಗಲೂ ಅನಿಸಿಲ್ಲ. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ವಕಾಲತ್ತಿನ ಕಾಗದವನ್ನು ತನ್ನ ಕಡೆ ಎಳೆದುಕೊಂಡಳು.

"ಪೆನ್ನ ಕೊಡ್ರಿ," ಎಂದಳು.